ಫೈಟರ್ ಪೈಲಟ್ ಆಗ್ಬೇಕಾ? ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ

ವಾಯುಪಡೆಯಲ್ಲಿ ಫೈಟರ್, ಅಂದರೆ ಯುದ್ಧವಿಮಾನ ಹಾರಿಸಿ, ನಿವೃತ್ತಿಯಾಗಿ ಉಡುಪಿಗೆ ಬಂದು ಕೂತ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ಮದುವೆ ಹಾಲ್‌ನಲ್ಲಿ ಊಟಕ್ಕೆ ಕೂತರೆ ಪಾಯಸ ಬರುವ ಮೊದಲೇ ಮೂರು ಪ್ರಶ್ನೆ ಬರುತ್ತದೆ. "ಎಷ್ಟು ಮಾರ್ಕ್ ಬೇಕು?" "ಹೆದರಿಕೆ ಆಗುದಿಲ್ವಾ?" "ನಮ್ಮ ಮಗನಿಗೆ ಒಂದು ಸೀಟ್ ಮಾಡಿಸಿ ಕೊಡ್ಬಹುದಾ?"

ಮೂರನೆಯದಕ್ಕೆ ಉತ್ತರ ಸುಲಭ. ಆಗುವುದಿಲ್ಲ. ಡೊನೇಶನ್ ಇಲ್ಲ, ಮ್ಯಾನೇಜ್‌ಮೆಂಟ್ ಕೋಟಾ ಇಲ್ಲ, "ಅವರ ಪರಿಚಯ ಉಂಟು" ಎನ್ನುವುದಂತೂ ಇಲ್ಲವೇ ಇಲ್ಲ. ಹಣ ಕೊಟ್ಟರೆ ಸೆಲೆಕ್ಷನ್ ಮಾಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅವನ ಕೈಗೆ ಒಂದು ಗೋಳಿಬಜೆ ಕೊಟ್ಟು ಕಳಿಸಿ. ಉಳಿದ ಎರಡು ಪ್ರಶ್ನೆಗೆ ಪ್ರತಿ ಸಲ ಬಾಯಿ ನೋಯಿಸಿಕೊಳ್ಳುವ ಬದಲು ಇಲ್ಲಿ ಒಮ್ಮೆ ಬರೆದು ಬಿಡುತ್ತೇನೆ. ಮಕ್ಕಳಿಗೂ ಹೌದು, ಅಪ್ಪ ಅಮ್ಮನಿಗೂ ಹೌದು.

ಒಂದು ಮಾತು ಮೊದಲೇ ಹೇಳುತ್ತೇನೆ. ಈ ಕೆಲಸ ಅಂದರೆ ಆಕಾಶ, ಶಬ್ದ, ಕಪ್ಪು ಕನ್ನಡಕ ಅಂತ ನೀವು ಅಂದುಕೊಂಡಿರುತ್ತೀರಿ. ನನ್ನ ಲೆಕ್ಕದಲ್ಲಿ ಇದು ಮುಖ್ಯವಾಗಿ ಕುರ್ಚಿಯಲ್ಲಿ ಕೂತು "ಹೌದು ಸರ್, ಅದು ನನ್ನ ತಪ್ಪು" ಎಂದು ಹೇಳುವ ಕೆಲಸ. ನಡುವೆ ನಲವತ್ತು ನಿಮಿಷ ವಿಮಾನವೂ ಸಿಗುತ್ತದೆ.

ಹೊರಡುವ ಮೊದಲು ಏನೇನು ಬೇಕು

ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್. ಇದರಲ್ಲಿ ರಾಜಿ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ಡಾಕ್ಟರ್ ಆಗುತ್ತೇನೆ ಎಂದು ಮ್ಯಾಥ್ಸ್ ಬಿಟ್ಟು ಸೈನ್ಸ್ ತೆಗೆದುಕೊಂಡ ಮಕ್ಕಳು, ನೀಟ್ ಆಗಲಿಲ್ಲ ಎಂದ ಮೇಲೆ "ಅಂಕಲ್, ಏರ್‌ಫೋರ್ಸ್" ಎಂದು ಬರುತ್ತಾರೆ. ಪೈಲಟ್ ಬಾಗಿಲು ಅವರಿಗೆ ಎಸ್ಸೆಸ್ಸೆಲ್ಸಿ ಮುಗಿದ ತಿಂಗಳೇ ಮುಚ್ಚಿರುತ್ತದೆ. ಹಾಗಾಗಿ ಕಾಂಬಿನೇಷನ್ ಆರಿಸುವಾಗಲೇ ಯೋಚಿಸಿ.

ಎತ್ತರ ಕನಿಷ್ಠ 162.5 ಸೆಂಟಿಮೀಟರ್. ಬಣ್ಣ ಸರಿಯಾಗಿ ಗುರುತಿಸುವ ಕಣ್ಣು. ಬೆನ್ನು, ಮೊಣಕಾಲು, ಕಿವಿ, ಮೂಗು ಎಲ್ಲ ನೆಟ್ಟಗೆ. ಸಿಕ್ಸ್ ಪ್ಯಾಕ್ ಬೇಡ. ಬೆಳಿಗ್ಗೆ ಎದ್ದು ಮಲ್ಪೆಯ ಮರಳಲ್ಲಿ ನಾಲ್ಕು ಕಿಲೋಮೀಟರ್ ಓಡಿ ಬಂದು ಸರಿಯಾಗಿ ಮಾತಾಡಲು ಉಸಿರು ಉಳಿದರೆ ಸಾಕು.

1. ಯಾವ ಬಾಗಿಲು ಅಂತ ಆರಿಸಿ

ಬಾಗಿಲು ನಾಲ್ಕು ಉಂಟು.

ಎನ್‌ಡಿಎ, ಅಂದರೆ ಮೂರೂ ಪಡೆಗಳ ಅಧಿಕಾರಿಗಳನ್ನು ತಯಾರು ಮಾಡುವ, ಪುಣೆ ಹತ್ತಿರದ ಖಡಕ್‌ವಾಸ್ಲಾದ ಅಕಾಡೆಮಿ. ಎರಡನೇ ಪಿಯುಸಿಯಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತದೆ. ಕೋರ್ಸ್ ಶುರುವಾಗುವಾಗ ಸುಮಾರು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು ಆಗಿರಬೇಕು, ಹುಟ್ಟಿದ ತಾರೀಕಿನ ಮಿತಿ ಪ್ರತಿ ಸಲ ಅಧಿಸೂಚನೆಯಲ್ಲಿ ಇರುತ್ತದೆ. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಹುಡುಗಿಯರಿಗೂ ಈ ಬಾಗಿಲು ತೆರೆದಿದೆ.

ಡಿಗ್ರಿ ಆದವರಿಗೆ ಯುಪಿಎಸ್‌ಸಿಯದೇ ಇನ್ನೊಂದು ಪರೀಕ್ಷೆ ಸಿಡಿಎಸ್ ಮತ್ತು ಎಎಫ್‌ಕ್ಯಾಟ್. ಎಎಫ್‌ಕ್ಯಾಟ್ ವಾಯುಪಡೆಯೇ ನಡೆಸುವ ಪರೀಕ್ಷೆ, ಅದೂ ವರ್ಷಕ್ಕೆ ಎರಡು ಸಲ. ಅದರಲ್ಲಿ ಬಂದ ಪೈಲಟ್‌ಗೆ 14 ವರ್ಷದ ಸೇವೆ. ವಯಸ್ಸು 20ರಿಂದ 24. ಡಿಗ್ರಿಯಲ್ಲಿ 60 ಶೇಕಡಾ, ಪಿಯುಸಿಯ ಫಿಸಿಕ್ಸ್ ಮತ್ತು ಮ್ಯಾಥ್ಸ್‌ನಲ್ಲಿ ತಲಾ 50 ಶೇಕಡಾ ಇರಬೇಕು.

ನಾಲ್ಕನೆಯದು ಎನ್‌ಸಿಸಿ. ಏರ್ ವಿಂಗ್‌ನಲ್ಲಿ 'ಸಿ' ಸರ್ಟಿಫಿಕೇಟ್ ತೆಗೆದವರಿಗೆ ಬರವಣಿಗೆ ಪರೀಕ್ಷೆ ಇಲ್ಲದೆ ನೇರ ಸಂದರ್ಶನ. ಮಂಗಳೂರಿನಲ್ಲಿ ಡಿಗ್ರಿಗೆ ಸೇರುವವರು ಕಾಲೇಜಿನ ಕ್ಯಾಂಟೀನ್ ಹೇಗಿದೆ ಎಂದು ಕೇಳುವಷ್ಟೇ ಗಂಭೀರವಾಗಿ ಅಲ್ಲಿ ಏರ್ ವಿಂಗ್ ಉಂಟಾ ಎಂದೂ ಕೇಳಿ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಅಗ್ನಿವೀರ್ ವಾಯು ಸೇರಿದರೆ ಮುಂದೆ ಪೈಲಟ್ ಮಾಡುತ್ತಾರೆ ಅಂದುಕೊಳ್ಳುವುದು. ಅದು ಬೇರೆ ದಾರಿ, ಬೇರೆ ಕೆಲಸ. ಪೈಲಟ್ ಅಂದರೆ ಅಧಿಕಾರಿ ಹುದ್ದೆ. ಎರಡು, ಲಕ್ಷಗಟ್ಟಲೆ ಸಾಲ ಮಾಡಿ ಕಮರ್ಷಿಯಲ್ ಲೈಸೆನ್ಸ್ ತೆಗೆದರೆ ಫೈಟರ್ ಸಿಗುತ್ತದೆ ಎಂದು ನಂಬುವುದು. ಎಎಫ್‌ಕ್ಯಾಟ್‌ನಲ್ಲಿ ಅದಕ್ಕೆ ಎರಡು ವರ್ಷದ ವಯಸ್ಸಿನ ರಿಯಾಯಿತಿ ಸಿಗುತ್ತದೆ, ಅಷ್ಟೇ. ಹಾರುವುದನ್ನು ವಾಯುಪಡೆ ಪುಕ್ಕಟೆ ಕಲಿಸುತ್ತದೆ. ಮೊದಲು ಕಲಿತು ಬಂದವರಿಗೆ ಹಳೆಯ ಅಭ್ಯಾಸ ಬಿಡಿಸುವುದೇ ಅವರಿಗೆ ಇನ್ನೊಂದು ಕೆಲಸ.

2. ಬರವಣಿಗೆ ಪರೀಕ್ಷೆ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಮ್ಮ ಕರಾವಳಿಯವರಿಗೆ ಪರೀಕ್ಷೆ ಬರೆಯುವುದನ್ನು ಕಲಿಸುವುದು ಮೀನಿಗೆ ಈಜು ಕಲಿಸಿದ ಹಾಗೆ. ಎನ್‌ಡಿಎಯಲ್ಲಿ ಮ್ಯಾಥ್ಸ್ 300, ಸಾಮಾನ್ಯ ಸಾಮರ್ಥ್ಯ 600, ಒಟ್ಟು 900 ಅಂಕ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಕಡಿತ. ಎಎಫ್‌ಕ್ಯಾಟ್‌ನಲ್ಲಿ 100 ಪ್ರಶ್ನೆ, ಸರಿಗೆ 3, ತಪ್ಪಿಗೆ ಒಂದು ಕಡಿತ. ಎನ್‌ಡಿಎ ಪರೀಕ್ಷಾ ಕೇಂದ್ರಗಳು ಮೊದಲು ಬಂದವರಿಗೆ ಮೊದಲು. ಕೊನೆಯ ದಿನದ ರಾತ್ರಿ ಅರ್ಜಿ ಹಾಕಿದರೆ ಯಾವುದೋ ಊರಿನ ಕೇಂದ್ರ ಸಿಗುತ್ತದೆ.

ಇದರಲ್ಲಿ ಪಾಸಾದದ್ದಕ್ಕೆ ಬ್ಯಾನರ್ ಹಾಕಿಸಬೇಡಿ. ಎನ್‌ಡಿಎಯಲ್ಲಿ ಸಂದರ್ಶನಕ್ಕೂ ಇನ್ನೊಂದು 900 ಅಂಕ ಉಂಟು. ನಿಜವಾದ ಜರಡಿ ಅಲ್ಲಿದೆ.

3. ಮೈಸೂರಿನ ಐದು ದಿನ

ಎಸ್‌ಎಸ್‌ಬಿ ಅಂದರೆ ಆ ಸಂದರ್ಶನ ಮಾಡಿ ಅಧಿಕಾರಿಯಾಗಲು ಲಾಯಕ್ಕಾ ಎಂದು ನೋಡುವ ಮಂಡಳಿ. ವಾಯುಪಡೆಗೆ ಇಂಥ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಉಂಟು. ಡೆಹ್ರಾಡೂನ್, ಗಾಂಧಿನಗರ, ವಾರಾಣಸಿಗೂ ಕರೆ ಬರಬಹುದು.

ಮೈಸೂರಿಗೆ ಕರೆ ಬಂದರೆ ಮೊದಲ ಪರೀಕ್ಷೆ ಸಂಪಾಜೆ ಘಾಟಿ. ಜೂನ್, ಜುಲೈಯಲ್ಲಿ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ವರದಿ ಮಾಡಿಕೊಳ್ಳುತ್ತೇನೆ ಎಂಬ ಲೆಕ್ಕ ಹಾಕಬೇಡಿ. ಗುಡ್ಡ ಜರಿದರೆ ಮಂಡಳಿಯವರು ನಿಮಗಾಗಿ ಕಾಯುವುದಿಲ್ಲ. ಒಂದು ದಿನ ಮೊದಲೇ ಹೊರಡಿ. ಬಸ್ ಮಡಿಕೇರಿಯಲ್ಲಿ ನಿಂತಾಗ ಚಹಾ ಕುಡಿಯುತ್ತಾ ಕೊಡಗಿನ ಅಜ್ಜಮಾಡ ದೇವಯ್ಯ ಅವರನ್ನು ನೆನಪಿಸಿಕೊಳ್ಳಿ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಮಿಸ್ಟೇರ್ ವಿಮಾನದಲ್ಲಿದ್ದ ಅವರು ತನಗಿಂತ ಎಷ್ಟೋ ವೇಗದ ಶತ್ರು ವಿಮಾನ ಸ್ಟಾರ್‌ಫೈಟರ್ ಎದುರು ತಿರುಗಿ ನಿಂತು ಅದನ್ನು ಹೊಡೆದರು, ತಾವು ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಸಂದರ್ಶನದಲ್ಲಿ "ನಿಮ್ಮ ರಾಜ್ಯದ ವಾಯುಪಡೆ ವೀರರು ಯಾರು?" ಎಂದರೆ ತಡವರಿಸಬೇಡಿ.

ಮೊದಲ ದಿನವೇ ಒಂದು ಸೋಸುವಿಕೆ. ಬುದ್ಧಿ ಪರೀಕ್ಷೆ, ಆಮೇಲೆ ಮಸುಕಾದ ಒಂದು ಚಿತ್ರ ತೋರಿಸಿ ಕಥೆ ಬರೆಸಿ ಗುಂಪಿನಲ್ಲಿ ಚರ್ಚೆ ಮಾಡಿಸುತ್ತಾರೆ. ಬಹಳ ಮಂದಿ ಅದೇ ದಿನ ಮಧ್ಯಾಹ್ನ ಊಟ ಮಾಡಿ ಮನೆಗೆ ಹೊರಡುತ್ತಾರೆ. ಚರ್ಚೆಯಲ್ಲಿ ಎಲ್ಲರೂ ಮೀನು ಮಾರ್ಕೆಟಿನ ಹಾಗೆ ಕೂಗುತ್ತಿರುತ್ತಾರೆ. ನೀವೂ ಕೂಗಿದರೆ ಮೀನು ಮಾರ್ಕೆಟಿಗೆ ಇನ್ನೊಂದು ದನಿ ಸೇರಿತು, ಅಷ್ಟೇ. ಸುಮ್ಮನಿದ್ದರೂ ಹೋಯಿತು. ಒಂದೆರಡು ಸಲ ಸರಿಯಾದ ಮಾತು ಹೇಳಿ, ಬೇರೆಯವರು ಹೇಳಿದ್ದನ್ನು ಕೇಳಿಸಿಕೊಂಡೆ ಎಂದು ತೋರಿಸಿದರೆ ಸಾಕು.

ಉಳಿದವರಿಗೆ ಎದೆ ಮೇಲೆ ಒಂದು ನಂಬರ್ ಕಟ್ಟುತ್ತಾರೆ. ಮುಂದಿನ ದಿನಗಳಲ್ಲಿ ನೀವು ಹೆಸರಲ್ಲ, ನಂಬರ್.

ಮನಶ್ಶಾಸ್ತ್ರದ ಪರೀಕ್ಷೆಯಲ್ಲಿ ಹನ್ನೆರಡು ಕಥೆ, ಒಂದೊಂದಕ್ಕೆ ನಾಲ್ಕು ನಿಮಿಷ. ಆಮೇಲೆ 60 ಪದ, ಒಂದೊಂದಕ್ಕೆ 15 ಸೆಕೆಂಡು, ಪದ ನೋಡಿದ ಕೂಡಲೇ ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಆಮೇಲೆ 60 ಸನ್ನಿವೇಶ, ಅರ್ಧ ಗಂಟೆ. ಇಷ್ಟು ವೇಗ ಯಾಕೆ ಅಂದರೆ ಸುಳ್ಳು ಯೋಚಿಸಲು ಸಮಯ ಸಿಗಬಾರದು ಅಂತ. ಕೋಚಿಂಗ್‌ನವರು ಬಾಯಿಪಾಠ ಮಾಡಿಸಿ ಕಳಿಸುತ್ತಾರೆ. ಹಾಗಾಗಿ ಎಲ್ಲರ ಕಥೆಯಲ್ಲೂ ಹೀರೋ ಒಬ್ಬನೇ ಹತ್ತು ಉಗ್ರರನ್ನು ಹಿಡಿದು, ಹಳ್ಳಿಗೆ ಶಾಲೆ ಕಟ್ಟಿಸಿ, ಕೊನೆಗೆ ಪದಕ ತೆಗೆದುಕೊಳ್ಳುತ್ತಾನೆ. ಓದುವವರು ಆಕಳಿಸುತ್ತಾರೆ. ನಿಮ್ಮ ಕಥೆಯಲ್ಲಿ ಬೋಟಿನ ಎಂಜಿನ್ ಕೆಟ್ಟು ನಾಲ್ಕು ಜನ ಸೇರಿ ಅದನ್ನು ದಡಕ್ಕೆ ತಂದರೆ ಸಾಕು, ಅದು ನೀವು ಕಂಡ ಸಂಗತಿ.

ಇಲ್ಲಿ ದೊಡ್ಡ ಬಲೆ ಒಂದುಂಟು. ಮನಶ್ಶಾಸ್ತ್ರಜ್ಞ, ಮೈದಾನದಲ್ಲಿ ಗುಂಪು ಕೆಲಸ ಮಾಡಿಸುವ ಅಧಿಕಾರಿ, ಸಂದರ್ಶಕ, ಮೂವರೂ ಬೇರೆ ಬೇರೆ ನಿಮ್ಮನ್ನು ನೋಡುತ್ತಾರೆ, ಕೊನೆಯ ದಿನ ಒಟ್ಟಿಗೆ ಕೂತು ತಾಳೆ ಹಾಕುತ್ತಾರೆ. ಕಾಗದದಲ್ಲಿ ನಾಯಕ, ಮೈದಾನದಲ್ಲಿ ಹಗ್ಗ ಹಿಡಿಯಲೂ ಮುಂದೆ ಬಾರದವನು, ಹಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಯಕ್ಷಗಾನದಲ್ಲಿ ಬಣ್ಣದ ವೇಷ ಹಾಕಿ ಸ್ತ್ರೀವೇಷದ ಹೆಜ್ಜೆ ಕುಣಿದ ಹಾಗೆ ಆಗುತ್ತದೆ.

ಸಂದರ್ಶಕರು ನಿಮ್ಮ ಊರಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಮೀನುಗಾರಿಕೆಗೆ ಯಾವ ತಿಂಗಳು ನಿಷೇಧ, ಯಾಕೆ? (ಯಾಂತ್ರಿಕ ದೋಣಿಗಳಿಗೆ ಜೂನ್, ಜುಲೈ, ಮೀನು ಮರಿ ಮಾಡುವ ಸಮಯ.) ಪಣಂಬೂರು ಬಂದರಿಗೆ ಬರುವ ಕಚ್ಚಾ ತೈಲ ಎಲ್ಲಿಗೆ ಹೋಗುತ್ತದೆ? ಮನೆಯ ಅಕ್ಕಿ ಕೆಜಿಗೆ ಎಷ್ಟು? ಅಮೆರಿಕದ ವಿಮಾನವಾಹಕ ನೌಕೆಗಳ ಪಟ್ಟಿ ಬಾಯಿಪಾಠ ಮಾಡಿದ ಹುಡುಗ ಅಕ್ಕಿಯ ಪ್ರಶ್ನೆಗೆ ಬೆವರುತ್ತಾನೆ. ಇಂಗ್ಲಿಷ್ ಬಗ್ಗೆ ಮಂಡೆಬಿಸಿ ಬೇಡ. ನಮ್ಮ ಉಚ್ಚಾರ ಅವರಿಗೆ ಬೇಕಿಲ್ಲ, ಮಾತಿನ ಒಳಗೆ ಎಂತ ಉಂಟು ಅನ್ನುವುದು ಬೇಕು. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್" ಎಂದು ಹೇಳಿ. ಈ ವಾಕ್ಯ ಈಗಲೇ ಅಭ್ಯಾಸ ಮಾಡಿ, ಮುಂದೆ ಜೀವ ಉಳಿಸುತ್ತದೆ.

4. ಜೀವನದಲ್ಲಿ ಒಮ್ಮೆ ಮಾತ್ರ

ಎಸ್‌ಎಸ್‌ಬಿಗೆ ಸೋತರೆ ಇನ್ನೊಂದು ಬಾಗಿಲಿನಿಂದ ಮತ್ತೆ ಬರಬಹುದು. ಆದರೆ ಪೈಲಟ್ ಆಗುವವರಿಗೆ ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಪರೀಕ್ಷೆ ಉಂಟು. ನಮ್ಮ ಕಾಲದಲ್ಲಿ ಇದಕ್ಕೆ ಪಿಎಬಿಟಿ ಎನ್ನುತ್ತಿದ್ದರು, ಹಳೆಯ ಯಂತ್ರಗಳು ಕಿರುಗುಟ್ಟುತ್ತಿದ್ದವು. ಕೈಗೆ ಕೋಲು, ಕಾಲಿಗೆ ಪೆಡಲ್, ಕಣ್ಣಿಗೆ ಓಡಾಡುವ ಚುಕ್ಕೆ, ಅದರ ಮಧ್ಯೆ ಇನ್ನೊಂದು ಕೆಲಸ ಕೊಡುತ್ತಾರೆ. ಇದನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಬರೆಯಬಹುದು. ಫೇಲಾದರೆ ಹಾರುವ ಆಸೆ ಅಲ್ಲಿಗೆ ಮುಗಿಯಿತು, ಯಾವ ಬಾಗಿಲಿನಿಂದ ಬಂದರೂ ಅಷ್ಟೇ.

ಹಾಗಾಗಿ ಜ್ವರ ಇದ್ದಾಗ, ನಿದ್ದೆಗೆಟ್ಟಾಗ, ಸುಮ್ನೆ ಒಂದು ಟ್ರಯಲ್ ನೋಡೋಣ ಎಂದು ಹೋಗಬೇಡಿ. ಅಲ್ಲಿ ಕೊಡುವ ಸೂಚನೆಯನ್ನು ಕಿವಿಗೊಟ್ಟು ಕೇಳಿ. ಬೀಳುವವರಲ್ಲಿ ಎಷ್ಟೋ ಜನ ಕೈ ಓಡದೆ ಬೀಳುವುದಿಲ್ಲ, ಸೂಚನೆ ಮುಗಿಯುವ ಮೊದಲೇ "ಗೊತ್ತಾಯಿತು" ಎಂದು ಹೊರಟು ಬೀಳುತ್ತಾರೆ. ತಯಾರಿ ಬೇಕಾದರೆ ಸೈಕಲ್ ಬಿಡುತ್ತಾ ಮನಸ್ಸಿನಲ್ಲೇ ಹದಿನೇಳರ ಮಗ್ಗಿ ಹೇಳಿ. ಖಾಲಿ ಮೈದಾನದಲ್ಲಿ ಮಾಡಿ, ಹೈವೇಯಲ್ಲಿ ಬೇಡ.

5. ಮೆಡಿಕಲ್

ತಲೆಬರಹದಲ್ಲಿ ಕಣ್ಣಿನ ಡಾಕ್ಟರ್ ಬಂದದ್ದು ಇದಕ್ಕೆ. ಮೂರು ವರ್ಷ ಕಷ್ಟಪಟ್ಟು, ಎಲ್ಲ ಗೆದ್ದು, ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ಹೋಗಿ ಕೂತ ಮೇಲೆ "ನಿನಗೆ ಕೆಂಪು ಹಸಿರು ಬೇರೆ ಕಾಣುವುದಿಲ್ಲ" ಎಂದು ಗೊತ್ತಾಗುವ ಮಕ್ಕಳಿದ್ದಾರೆ. ಅದು ಹುಟ್ಟಿನಿಂದ ಬಂದದ್ದು, ಔಷಧಿ ಇಲ್ಲ. ಊರಿನ ಯಾವುದೇ ಕಣ್ಣಿನ ಡಾಕ್ಟರು ಚುಕ್ಕೆ ಪುಸ್ತಕ ತೋರಿಸಿ ಐದು ನಿಮಿಷದಲ್ಲಿ ಹೇಳುವ ವಿಷಯ. ಕೋಚಿಂಗ್ ಫೀಸ್ ಕಟ್ಟುವ ಮೊದಲು ಅಲ್ಲಿಗೆ ಹೋಗಿ. ದಿನಾ ಕನ್ನಡಕ ಹಾಕುವವರು ನಿಯಮವನ್ನು ಆ ವರ್ಷದ ಅಧಿಸೂಚನೆಯಲ್ಲೇ ಓದಿ, ಪಕ್ಕದ ಮನೆಯ ಅಣ್ಣನ ಮಾತು ಕೇಳಿ ಲೇಸರ್ ಮಾಡಿಸಿಕೊಳ್ಳಬೇಡಿ.

ಕುಳ್ಳರಿಗೆ ಮಾತ್ರ ತೊಂದರೆ ಅಂದುಕೊಳ್ಳಬೇಡಿ. ತೊಡೆಯ ಉದ್ದ 64 ಸೆಂಟಿಮೀಟರಿಗಿಂತ ಹೆಚ್ಚಿದ್ದರೂ ಆಗುವುದಿಲ್ಲ. ಕಾರಣ ಇಜೆಕ್ಷನ್ ಸೀಟ್, ಅಂದರೆ ಅಪಾಯದಲ್ಲಿ ಕುರ್ಚಿ ಸಮೇತ ರಾಕೆಟ್ಟಿನಿಂದ ಪೈಲಟನ್ನು ಹೊರಗೆ ಎಸೆಯುವ ವ್ಯವಸ್ಥೆ. ಕಾಲು ಉದ್ದವಾದರೆ ನೀವು ಹೊರಗೆ ಬರುತ್ತೀರಿ, ಮೊಣಕಾಲು ಒಳಗಿನ ಫಲಕಕ್ಕೆ ಬಡಿಯುತ್ತದೆ.

ಸಣ್ಣ ವಿಷಯಗಳೂ ಕಾಡುತ್ತವೆ. ಕಿವಿಯಲ್ಲಿ ಗುಗ್ಗೆ ತುಂಬಿ ತಾತ್ಕಾಲಿಕ ಅನ್‌ಫಿಟ್ ಆದವರು ಬೇಕಾದಷ್ಟು. ಹುಳುಕು ಹಲ್ಲು, ಡೊಂಕು ಮೂಗಿನ ಗೋಡೆ, ಜಾಸ್ತಿ ತೂಕ. ಇದೆಲ್ಲ ಆರು ತಿಂಗಳು ಮೊದಲೇ ಸರಿ ಮಾಡಿಸಿ. ಹಚ್ಚೆ ಹಾಕಿಸಬೇಡಿ. ಪ್ರೀತಿ ತೋರಿಸಲು ಬೇರೆ ದಾರಿ ಉಂಟು.

6. ಖಡಕ್‌ವಾಸ್ಲಾ, ದುಂಡಿಗಲ್, ಬೀದರ್

ಎನ್‌ಡಿಎ ಮೂರು ವರ್ಷ. ಅಲ್ಲಿ ಓಡಿಸುತ್ತಾರೆ, ಮತ್ತೆ ಓಡಿಸುತ್ತಾರೆ. ಅಷ್ಟು ಗೊತ್ತಿದ್ದರೆ ಸಾಕು.

ಹೈದರಾಬಾದ್ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿ ಹಾರಾಟ ಶುರು. ಈಗಿನವರು ಪಿಲಾಟಸ್ ಎಂಬ ಸ್ವಿಸ್ ತರಬೇತಿ ವಿಮಾನದಲ್ಲಿ ಕಲಿಯುತ್ತಾರೆ. ಆಮೇಲೆ ಮೂರು ದಾರಿ: ಫೈಟರ್, ಸಾರಿಗೆ ವಿಮಾನ, ಹೆಲಿಕಾಪ್ಟರ್. ಯಾವುದು ಸಿಗುತ್ತದೆ ಎಂಬುದು ನಿಮ್ಮ ಆಸೆಯ ಮೇಲೆ ಅಲ್ಲ, ನಿಮ್ಮ ಹಾರಾಟದ ಮೇಲೆ ಮತ್ತು ಖಾಲಿ ಜಾಗದ ಮೇಲೆ. ಫೈಟರ್ ಸಿಕ್ಕವರು ಮುಂದೆ ನಮ್ಮದೇ ರಾಜ್ಯದ ಬೀದರ್‌ನಲ್ಲಿ ಹಾಕ್ ಜೆಟ್ ಕಲಿಯುತ್ತಾರೆ. 2016ರ ಜೂನ್‌ನಲ್ಲಿ ದುಂಡಿಗಲ್‌ನಿಂದ ಹೊರಬಂದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಮೊದಲ ಮಹಿಳಾ ಫೈಟರ್ ಪೈಲಟ್‌ಗಳು. ಮಗಳಿಗೆ ಇದು ಆಗುತ್ತದಾ ಎಂದು ಕೇಳುವ ಅಪ್ಪಂದಿರಿಗೆ ನನ್ನ ಉತ್ತರ ಅದೇ.

ಮೊದಲ ಕೆಲವು ಸಾರ್ಟಿಗಳಲ್ಲಿ (ಒಮ್ಮೆ ಹಾರಿ ಇಳಿಯುವುದಕ್ಕೆ ಸಾರ್ಟಿ ಎನ್ನುತ್ತಾರೆ) ವಾಂತಿ ಬರುತ್ತದೆ. ನಾಚಿಕೆ ಬೇಡ, ಎಷ್ಟೋ ಜನರಿಗೆ ಬರುತ್ತದೆ, ಅಭ್ಯಾಸದಿಂದ ಹೋಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ನಿಂಬೆಹಣ್ಣು ಮೂಸುತ್ತಾ ಹೋದವರೂ ಒಳ್ಳೆಯ ಪೈಲಟ್ ಆಗಿದ್ದಾರೆ, ಬರೆಯುತ್ತಿರುವವನೇ ಸಾಕ್ಷಿ. ಒಂದೇ ನಿಯಮ: ತಾನು ಕಕ್ಕಿದ್ದನ್ನು ತಾನೇ ಒರೆಸಬೇಕು.

ಇಲ್ಲಿ ಕೈಗಿಂತ ಮೊದಲು ಬಾಯಿ ಕಲಿಯಬೇಕು. ಎಂಜಿನ್ ನಿಂತರೆ ಎಂತ ಮಾಡಬೇಕು, ಬೆಂಕಿ ಬಂದರೆ ಎಂತ, ಚಕ್ರ ಇಳಿಯದಿದ್ದರೆ ಎಂತ, ಎಲ್ಲ ಭಾಗವತರಿಗೆ ಪದ್ಯ ಬಂದ ಹಾಗೆ ಬರಬೇಕು. ರಾತ್ರಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, ಇಲ್ಲದ ಕೋಲು ಎಳೆಯುತ್ತಾ, ಇಲ್ಲದ ಸ್ವಿಚ್ ಒತ್ತುತ್ತಾ ಇಡೀ ಸಾರ್ಟಿ ಮನಸ್ಸಿನಲ್ಲೇ ಹಾರುತ್ತೇವೆ. ರಜೆಯಲ್ಲಿ ಮನೆಯ ಚಾವಡಿಯಲ್ಲಿ ಇದನ್ನು ಮಾಡಿ ಅಜ್ಜಿಯ ಕಣ್ಣಿಗೆ ಬಿದ್ದೆ. ಉಪ್ಪು ಮೆಣಸು ಸುಳಿದು ದೃಷ್ಟಿ ತೆಗೆದರು. ನೀವು ಬಾಗಿಲು ಹಾಕಿಕೊಂಡು ಮಾಡಿ.

7. ಮೈ ಹೇಗೆ ಸಂಭಾಳಿಸುವುದು

ವಿಮಾನ ಗಟ್ಟಿಯಾಗಿ ತಿರುಗುವಾಗ ನಿಮ್ಮ ತೂಕ ಹೆಚ್ಚುತ್ತದೆ. ಇದನ್ನು 'ಜಿ' ಎಂದು ಅಳೆಯುತ್ತಾರೆ. ಈಗ ನೀವು ಕೂತಿರುವುದು ಒಂದು ಜಿ. ಒಂಬತ್ತು ಜಿಯಲ್ಲಿ 70 ಕೆಜಿ ಮನುಷ್ಯ 630 ಕೆಜಿ ಆಗುತ್ತಾನೆ. ತಲೆ ಮತ್ತು ಹೆಲ್ಮೆಟ್ ಸೇರಿದರೆ ಕುತ್ತಿಗೆ ಮೇಲೆ ಐವತ್ತು ಕೆಜಿಯ ಒಂದು ಅಕ್ಕಿ ಮೂಟೆ. ಆ ಮೂಟೆ ಇಟ್ಟುಕೊಂಡೇ ಹಿಂದೆ ತಿರುಗಿ ಶತ್ರು ಎಲ್ಲಿ ಎಂದು ನೋಡಬೇಕು. ನಿವೃತ್ತರೆಲ್ಲ ಕುತ್ತಿಗೆ ಹಿಡಿದುಕೊಂಡು ಓಡಾಡುವುದಕ್ಕೆ ಕಾರಣ ದಿಂಬು ಅಲ್ಲ.

ರಕ್ತವೂ ಭಾರ ಆಗಿ ಕಾಲಿಗೆ ಇಳಿಯುತ್ತದೆ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಕಣ್ಣಿಗೆ ಕತ್ತಲೆ, ಆಮೇಲೆ ಎಚ್ಚರವೇ ಹೋಗುತ್ತದೆ. ಅದನ್ನು ತಡೆಯಲು ಜಿ-ಸೂಟ್ ಉಂಟು, ಕಾಲು ಹೊಟ್ಟೆಯನ್ನು ಗಾಳಿಯ ಚೀಲದಿಂದ ಬಿಗಿಯಾಗಿ ಒತ್ತುವ ಪ್ಯಾಂಟ್. ಅದೊಂದೇ ಸಾಲದು. ಮೀನಖಂಡ, ತೊಡೆ, ಹೊಟ್ಟೆ ಎಲ್ಲ ಬಿಗಿ ಹಿಡಿದು, ಉಸಿರು ತುಂಬಿ ಕಟ್ಟಿ, ಸುಮಾರು ಮೂರು ಸೆಕೆಂಡಿಗೊಮ್ಮೆ ಸ್ವಲ್ಪ ಬಿಟ್ಟು ಮತ್ತೆ ಎಳೆಯಬೇಕು. ಆಗ ನಮ್ಮ ಮುಖ ಹೇಗಿರುತ್ತದೆ ಎಂಬುದನ್ನು ಸಿನಿಮಾದಲ್ಲಿ ಯಾರೂ ತೋರಿಸುವುದಿಲ್ಲ. ಬೆಳಿಗ್ಗೆ ಹೊತ್ತು ಮಲಬದ್ಧತೆ ಇರುವವರ ಮುಖ ಕಂಡಿದ್ದೀರಲ್ವಾ, ಹಾಗೆಯೇ.

ಊಟದ ವಿಷಯಕ್ಕೆ ಬನ್ನಿ. ಖಾಲಿ ಹೊಟ್ಟೆಯಲ್ಲಿ ಹಾರಬಾರದು, ನೀರು ಕಡಿಮೆ ಕುಡಿದರೂ ಜಿ ತಡೆಯುವುದಿಲ್ಲ. ಆದರೆ ಗ್ಯಾಸ್ ಮಾಡುವ ಯಾವುದೂ ಬೇಡ. 18,000 ಅಡಿಯಲ್ಲಿ ಹೊರಗಿನ ಒತ್ತಡ ನೆಲದ ಅರ್ಧ ಮಾತ್ರ, ಹೊಟ್ಟೆಯೊಳಗಿನ ಗಾಳಿ ಆಗ ದುಪ್ಪಟ್ಟು ಹಿಗ್ಗಲು ನೋಡುತ್ತದೆ. ಫೈಟರ್ ಕಾಕ್‌ಪಿಟ್‌ನಲ್ಲಿ ಪ್ರಯಾಣಿಕರ ವಿಮಾನದಷ್ಟು ಒತ್ತಡ ಇಡುವುದಿಲ್ಲ. ಹಿಂದಿನ ದಿನ ಹಲಸಿನ ಹಣ್ಣು, ಕಡ್ಲೆ ಗಸಿ ಹೊಡೆದು ಬಂದವನ ಸ್ಥಿತಿ ನೀವೇ ಊಹಿಸಿ. ಕಿಟಕಿ ತೆಗೆಯಲು ಆಗುವುದಿಲ್ಲ.

ನೆಗಡಿ ಇದ್ದರೆ ಹಾರಬೇಡಿ, ಡಾಕ್ಟರಿಗೆ ಹೇಳಿ. ಇಳಿಯುವಾಗ ಕಿವಿಯೊಳಗೆ ಮತ್ತು ಹಣೆಯಲ್ಲಿ ಆಗುವ ನೋವು ಮೊಳೆ ಹೊಡೆದ ಹಾಗಿರುತ್ತದೆ. ಎಳೆಯ ಪೈಲಟ್‌ಗಳು ಸಾರ್ಟಿ ತಪ್ಪುತ್ತದೆ ಎಂದು ಮುಚ್ಚಿಡುತ್ತಾರೆ. ಒಂದು ಸಾರ್ಟಿ ಉಳಿಸಲು ಹೋಗಿ ಒಂದು ತಿಂಗಳು ನೆಲದಲ್ಲಿ ಕೂರುತ್ತಾರೆ. ಹೊರಡುವ ಮೊದಲು ಬಾತ್‌ರೂಮಿಗೆ ಹೋಗಿ. ಇದನ್ನು ಯಾವ ಪುಸ್ತಕವೂ ದಪ್ಪ ಅಕ್ಷರದಲ್ಲಿ ಬರೆಯುವುದಿಲ್ಲ, ನಾನು ಬರೆಯುತ್ತಿದ್ದೇನೆ.

8. ನಿಮ್ಮನ್ನು ನೀವು ನಂಬಬೇಡಿ

ಮನೆಯಲ್ಲಿ, ಶಾಲೆಯಲ್ಲಿ ಆತ್ಮವಿಶ್ವಾಸ ಇರಲಿ ಎನ್ನುತ್ತಾರೆ. ಮೋಡದೊಳಗೆ ಅದು ಕೊಲ್ಲುತ್ತದೆ. ಕಿವಿಯೊಳಗಿನ ದ್ರವ ನಮಗೆ ಸಮತೋಲ ತಿಳಿಸುತ್ತದೆ, ಆದರೆ ನಿಧಾನವಾಗಿ ವಾಲಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಓರೆಯಾಗಿ ಹೋಗುತ್ತಿರುವಾಗ ನೆಟ್ಟಗಿದ್ದೇನೆ ಅನ್ನಿಸುತ್ತದೆ.

ಅಮಾವಾಸ್ಯೆ ರಾತ್ರಿ ಕಾಪು ಲೈಟ್‌ಹೌಸ್ ಬಂಡೆಯ ಮೇಲೆ ನಿಂತು ಸಮುದ್ರ ನೋಡಿ. ದೂರದ ಬೋಟುಗಳ ದೀಪ ಯಾವುದು, ಕೆಳಗಿನ ನಕ್ಷತ್ರ ಯಾವುದು, ನೀರು ಎಲ್ಲಿ ಮುಗಿಯಿತು ಎಂದು ಹೇಳಿ ನೋಡುವಾ. ನೆಲದ ಮೇಲೆ ಗಟ್ಟಿ ನಿಂತವರಿಗೇ ಹೀಗೆ. ಅಲ್ಲಿ ತಲೆಕೆಳಗಾಗಿದ್ದರೂ ಬೋಟಿನ ದೀಪವನ್ನು ನಕ್ಷತ್ರ ಅಂದುಕೊಂಡು ಅದರ ಕಡೆಗೆ ಮೇಲೇರುತ್ತೇನೆ ಎಂದು ಹೋಗಬಹುದು. ಆಗ ಮುಂದಿರುವ ಮೀಟರನ್ನು ಮಾತ್ರ ನಂಬಬೇಕು. ಮೈಯೆಲ್ಲ ಇಲ್ಲ ಎಂದು ಕೂಗುತ್ತಿದ್ದರೂ ಸರಿ.

ವೇಗದ ಬಗ್ಗೆಯೂ ಒಂದು ಅಂದಾಜು ಇರಲಿ. ಗಂಟೆಗೆ 900 ಕಿಲೋಮೀಟರ್ ಅಂದರೆ ಸೆಕೆಂಡಿಗೆ 250 ಮೀಟರ್. ಉಡುಪಿಯಿಂದ ಮಂಗಳೂರಿಗೆ ಸುಮಾರು ನಾಲ್ಕು ನಿಮಿಷ, ಹೆಜಮಾಡಿ ಟೋಲ್ ಇಲ್ಲ, ಪಡುಬಿದ್ರಿಯಲ್ಲಿ ಸ್ಟಾಪ್ ಇಲ್ಲ. ಒಂದು ಸೀನು ಬಂದರೆ ಅಷ್ಟರಲ್ಲಿ ನೂರು ಮೀಟರ್ ಹೋಯಿತು. "ನಮ್ಮ ಎಕ್ಸ್‌ಪ್ರೆಸ್ ಬಸ್ ಡ್ರೈವರ್‌ಗಳು ಫೈಟರ್ ಪೈಲಟ್ ಇದ್ದ ಹಾಗೆ" ಎಂದು ತಮಾಷೆ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ನಾವು ಎದುರಿನಿಂದ ಯಾರೂ ಬರುತ್ತಿಲ್ಲ ಎಂದು ಖಚಿತ ಮಾಡಿಕೊಂಡು ಹೊರಡುತ್ತಿದ್ದೆವು.

9. ಡಿಬ್ರೀಫಿಂಗ್

ಒಂದು ದಿನದ ಲೆಕ್ಕ ಹೇಳುತ್ತೇನೆ. ಹಾರುವ ಮೊದಲು ಒಂದು ಗಂಟೆ ಬ್ರೀಫಿಂಗ್, ಅಂದರೆ ಏನು ಮಾಡುತ್ತೇವೆ ಎಂಬ ಚರ್ಚೆ. ನಾನು ಹಾರಿಸುತ್ತಿದ್ದ ಮಿಗ್-21ರಲ್ಲಿ ಅರ್ಧ, ಮುಕ್ಕಾಲು ಗಂಟೆ ಹಾರಾಟ, ಅಷ್ಟರಲ್ಲಿ ಎಣ್ಣೆ ಮುಗಿಯುತ್ತಿತ್ತು. ಆಮೇಲೆ ಡಿಬ್ರೀಫಿಂಗ್, ಅಂದರೆ ಏನು ತಪ್ಪಾಯಿತು ಎಂಬ ಚರ್ಚೆ. ಅದಕ್ಕೆ ಮಾತ್ರ ಸಮಯದ ಮಿತಿ ಇಲ್ಲ.

ಅಲ್ಲಿ ಪದವಿ ಬಾಗಿಲ ಹೊರಗೆ. ಕಮಾಂಡಿಂಗ್ ಆಫೀಸರ್ ತಡವಾಗಿ ತಿರುಗಿದ್ದರೆ ನಿನ್ನೆ ಬಂದ ಹುಡುಗ "ಸರ್, ನೀವು ತಡ ಮಾಡಿದಿರಿ" ಎಂದು ಹೇಳುತ್ತಾನೆ, ಅವರು ಬರೆದುಕೊಳ್ಳುತ್ತಾರೆ. ಹೇಳುವ ಕ್ರಮವೂ ಉಂಟು. ಮೊದಲು ನಿಮ್ಮ ತಪ್ಪು ನೀವೇ ಹೇಳಬೇಕು. "ಸೂರ್ಯ ಕಣ್ಣಿಗೆ ಹೊಡೆಯಿತು", "ರೇಡಿಯೋ ಸರಿ ಕೇಳಲಿಲ್ಲ" ಎಂದು ಶುರು ಮಾಡಿದವನಿಗೆ ಮೊದಲ ವಾರ ನಗುತ್ತಾರೆ, ಎರಡನೇ ವಾರ ಒಟ್ಟಿಗೆ ಹಾರಲು ಹಿಂಜರಿಯುತ್ತಾರೆ. ತಪ್ಪು ಮಾಡುವವನಿಗೆ ಯಾರೂ ಹೆದರುವುದಿಲ್ಲ. ತಪ್ಪು ಮುಚ್ಚಿಡುವವನ ರೆಕ್ಕೆಯಿಂದ ಕೆಲವೇ ಮೀಟರ್ ದೂರದಲ್ಲಿ ಹಾರಬೇಕಲ್ವಾ, ಅದಕ್ಕೆ ಹೆದರುತ್ತಾರೆ.

ಕ್ಲಾಸಿಗೆ ಫಸ್ಟ್ ಬಂದ ಮಕ್ಕಳು ಸೋಲುವುದು ಇಲ್ಲಿ. 98 ಶೇಕಡಾ ತೆಗೆದವನಿಗೆ ಬದುಕಿನಲ್ಲಿ ಯಾರೂ ಎದುರು ಕೂರಿಸಿ "ಇದು ತಪ್ಪು, ಇದೂ ತಪ್ಪು" ಎಂದಿರುವುದಿಲ್ಲ. ಅಪ್ಪ ಅಮ್ಮನಿಗೆ ನನ್ನ ಸಲಹೆ ಇಷ್ಟೇ: ಮಗ ಮಾರ್ಕ್ ಕಡಿಮೆಯಾದದ್ದಕ್ಕೆ ಟೀಚರನ್ನು ಬೈದಾಗ ನೀವೂ ಸೇರಿ ಬೈಯಬೇಡಿ.

ಒಂದು ಅಡ್ಡ ಪರಿಣಾಮ ಉಂಟು. ಪೈಲಟ್‌ಗಳು ಕೈಯನ್ನೇ ವಿಮಾನ ಮಾಡಿ ಮಾತಾಡುತ್ತಾರೆ, ಎಡಗೈ ಶತ್ರು, ಬಲಗೈ ನಾನು. ಮದುವೆ ಊಟದಲ್ಲಿ ಪಕ್ಕದಲ್ಲಿ ಕೂರುವವರು ಸಾರಿನ ಲೋಟ ದೂರ ಇಟ್ಟುಕೊಳ್ಳಿ.

10. ಹೆದರಿಕೆ, ಸಂಬಳ, ಮದುವೆ

ಹೆದರಿಕೆ ಆಗುತ್ತದೆ. ಆದರೆ ಅದಕ್ಕೆ ಸಮಯ ಸಿಗುವುದಿಲ್ಲ, ಕೈಯಲ್ಲಿ ಕೆಲಸ ಜಾಸ್ತಿ ಇರುತ್ತದೆ. ಇಳಿದ ಮೇಲೆ ಚಹಾದ ಕಪ್ ಹಿಡಿದಾಗ ಕೈ ಸಣ್ಣಗೆ ನಡುಗುವುದು ಕಾಣುತ್ತದೆ. ಗೆಳೆಯರನ್ನು ಕಳೆದುಕೊಳ್ಳುವುದೂ ಉಂಟು, ಅದನ್ನು ಇಲ್ಲಿ ತಮಾಷೆ ಮಾಡುವುದಿಲ್ಲ. 1963ರಲ್ಲಿ ಬಂದ ಮಿಗ್-21 ಕೊನೆಗೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿಯಾಯಿತು. ಟಿವಿಯಲ್ಲಿ ನೋಡುತ್ತಾ ಕೂತಿದ್ದೆ. ಮನೆಯವಳು ಬಂದು ಕಾಫಿ ಇಟ್ಟು, ಏನೂ ಕೇಳದೆ ಒಳಗೆ ಹೋದಳು.

ಸಂಬಳ: ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನ 56,100 ರೂಪಾಯಿಯಿಂದ ಶುರು, ಮಿಲಿಟರಿ ಸೇವಾ ವೇತನ 15,500, ಹಾರಾಟ ಭತ್ಯೆ 25,000, ಅದರ ಮೇಲೆ ತುಟ್ಟಿಭತ್ಯೆ. ದುಬೈಯಲ್ಲಿರುವ ಭಾವನ ಜೊತೆ ಹೋಲಿಸಬೇಡಿ. ಅವರ ಮನೆ ದೊಡ್ಡದು, ನಿಮ್ಮ ಆಫೀಸ್ ಕಿಟಕಿ ದೊಡ್ಡದು.

ಮನೆ ಹತ್ತಿರ ಪೋಸ್ಟಿಂಗ್ ಕನಸು ಬಿಡಿ. ಬಜ್ಪೆಯಲ್ಲಿ ಫೈಟರ್ ಸ್ಕ್ವಾಡ್ರನ್ ಇಲ್ಲ. ದಕ್ಷಿಣದಲ್ಲಿ ಅಂದರೆ ಕೊಯಮತ್ತೂರು ಹತ್ತಿರದ ಸೂಲೂರಿನಲ್ಲಿ ತೇಜಸ್, ತಂಜಾವೂರಿನಲ್ಲಿ ಸುಖೋಯ್. ಸಮುದ್ರ ಬಿಡಲಾಗದವರು ನೌಕಾಪಡೆ ನೋಡಿ, ಅವರ ಮಿಗ್-29ಕೆ ಗೋವಾದಲ್ಲಿ ಉಂಟು. ಉಳಿದಂತೆ ಅಂಬಾಲಾ, ಜೋಧ್‌ಪುರ, ತೇಜ್‌ಪುರ. ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ. ಕುಚ್ಚಲಕ್ಕಿ ಸಿಗುವುದಿಲ್ಲ, ತೆಂಗಿನೆಣ್ಣೆಯ ಅಡುಗೆ ಕಂಡರೆ ಅಲ್ಲಿಯವರು ತಲೆಗೆ ಹಚ್ಚುವುದಲ್ವಾ ಎಂದು ಕೇಳುತ್ತಾರೆ. ರಜೆ ಮುಗಿಸಿ ಹೊರಡುವಾಗ ಹತ್ತು ಕೆಜಿ ಅಕ್ಕಿ, ಎರಡು ಬಾಟಲಿ ಉಪ್ಪಿನಕಾಯಿ ಹೊತ್ತುಕೊಂಡು ಹೋಗಿ. ಬಾಟಲಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟುವುದನ್ನು ಮರೆಯಬೇಡಿ, ಕೊಂಕಣ ರೈಲ್ವೆಯಲ್ಲಿ ನನ್ನ ಒಂದು ಯೂನಿಫಾರ್ಮ್ ಹೋಯಿತು.

ಮದುವೆಗೆ ಹುಡುಗಿ ನೋಡಲು ಹೋದಾಗ ಅವಳ ಅಪ್ಪ ಕೇಳಿದ ಪ್ರಶ್ನೆ "ಪೈಲಟ್ ಅಂದ್ರೆ ಏರ್ ಇಂಡಿಯಾದಲ್ಲಾ?" ಅಲ್ಲ ಎಂದೆ. "ಹಾಗಾದರೆ ಟಿಕೆಟ್ ಫ್ರೀ ಸಿಗುದಿಲ್ಲ" ಎಂದರು. ಇದಕ್ಕೆ ಉತ್ತರ ತಯಾರು ಮಾಡಿಕೊಂಡು ಹೋಗಿ.